ಅಜ್ಜನ ಕೋವಿಯ ಏಳು ಗೀರು

ಬರೆದ ಸುದ್ದಿಯಲ್ಲಿ ತಪ್ಪಿದ್ದರೆ ಮರುದಿನವೇ ತಿದ್ದುಪಡಿ ಹಾಕಬೇಕು ಎಂದು ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ನಮಗೆ ಕಲಿಸಿದ್ದರು. ನನ್ನ ಒಂದು ತಪ್ಪಿಗೆ ತಿದ್ದುಪಡಿ ಬರೆಯಲು ಹತ್ತು ವರ್ಷದ ಮೇಲಾಯಿತು. ಆ ತಪ್ಪು ಯಾವುದೋ ಮಂತ್ರಿಯ ಬಗ್ಗೆಯೋ ರಸ್ತೆ ಕಾಮಗಾರಿಯ ಬಗ್ಗೆಯೋ ಅಲ್ಲ. ನಮ್ಮದೇ ಮನೆಯ ಕೋವಿಯ ಬಗ್ಗೆ.

2014ರ ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ಪತ್ರಿಕೆಗೆ ಒಂದು ಲೇಖನ ಕಳಿಸಿದ್ದೆ. ಹಬ್ಬದ ಪುರವಣಿ, ಜಾಗ ಇತ್ತು, ಉದ್ದಕ್ಕೆ ಬರೆದೆ. ನಮ್ಮ ಅಜ್ಜನ ರೈಫಲ್ಲಿನ ಮರದ ಹಿಡಿಯ ಮೇಲೆ ಏಳು ಗೀರುಗಳಿದ್ದವು, ಅವು ಅಜ್ಜ ಗದ್ದೆ ಕಾಯಲು ಹೊಡೆದ ಏಳು ಕಾಡುಹಂದಿಗಳ ಲೆಕ್ಕ ಎಂದು ಅದರಲ್ಲಿ ಬರೆದಿದ್ದೆ. ಯಾರು ಹೇಳಿದ್ದು? ಚಿಕ್ಕವನಿದ್ದಾಗ ಊರಿನ ಹುಡುಗರು ಹೇಳಿದ್ದು. ಅಪ್ಪನನ್ನು ಕೇಳಿರಲಿಲ್ಲ. ಅಪ್ಪ ಜಗಲಿಯಲ್ಲೇ ಕೂತಿರುತ್ತಿದ್ದರು, ಕೇಳಲು ಹತ್ತು ಹೆಜ್ಜೆ ನಡೆಯಬೇಕಿತ್ತು ಅಷ್ಟೆ. ಪೇಪರ್ ಬಂದ ದಿನ ಅಪ್ಪ ಅದನ್ನು ಪೂರ್ತಿ ಓದಿದರು, ಮಡಿಸಿ ಇಟ್ಟರು, ಗದ್ದೆ ಕಡೆ ಹೋದರು.

ಬೇರೆ ಜಿಲ್ಲೆಯಲ್ಲಿ ಇದನ್ನು ಓದುವವರಿಗೆ ಒಂದು ಮಾತು ಹೇಳಬೇಕು. ಮನೆಯಲ್ಲಿ ಕೋವಿ ಎಂದರೆ ನಿಮ್ಮ ಕಡೆ ಹುಬ್ಬೇರಿಸುತ್ತಾರೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು, ಸ್ವಾತಂತ್ರ್ಯ ಬಂದ ಮೇಲೆ 1963ರ ಅಧಿಸೂಚನೆಯಲ್ಲಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧ ಎಂದು ಒಬ್ಬರು ಹೈಕೋರ್ಟಿಗೆ ಹೋದರು, 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ನಾವು ಗೌಡರು, ಜಮ್ಮಾ ಜಮೀನಿನವರು. ಹಾಗಾಗಿ ನಮ್ಮ ಮನೆಗೂ ವಿನಾಯಿತಿ ಪತ್ರ ಉಂಟು. ಕೋವಿ ಇಟ್ಟುಕೊಂಡು ಏನು ಬೇಕಾದರೂ ಮಾಡಬಹುದು ಎಂದಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕಾಡಿಗೆ ಕೋವಿ ಹಿಡಿದು ಹೋಗುವುದು ಮುಗಿದ ಕಥೆ. ಈಗ ಕೋವಿ ಹೊರಗೆ ಬರುವುದು ಹಬ್ಬಕ್ಕೆ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ, ಮತ್ತೆ ಸಾವಿನ ಮನೆಯಲ್ಲಿ.

ಕೈಲ್ ಮುಹೂರ್ತ ನಾಟಿ ಮುಗಿದ ಮೇಲಿನ ಹಬ್ಬ. ನಾಟಿ ಕೆಲಸ ನಡೆಯುವಷ್ಟು ದಿನ ಆಯುಧಗಳು ದೇವರ ಕೋಣೆಯಲ್ಲಿ. ಹಬ್ಬದ ದಿನ ಅವನ್ನು ಒರೆಸಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ, ಪೂಜೆ ಮಾಡಿ ಹೊರಗೆ ತೆಗೆಯುತ್ತಾರೆ. ಆಮೇಲೆ ಊರಿನ ಮೈದಾನದಲ್ಲೋ ಗದ್ದೆಯ ಬದಿಯಲ್ಲೋ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ರೈಫಲ್ ಎಸ್ಟೇಟ್ ಬಿಟ್ಟು ತನ್ನ ದೇಶಕ್ಕೆ ಹೊರಟ ಒಬ್ಬ ದೊರೆಯಿಂದ ಅಜ್ಜ ಕೊಂಡದ್ದು. ಪಾಯಿಂಟ್ 315 ಬೋರಿನ ಬಿಎಸ್‌ಎ. ಸೈಕಲ್ಲಿನ ಹೆಸರಾಗಿ ನಿಮಗೆಲ್ಲ ಗೊತ್ತಿರುವ ಅದೇ ಬಿಎಸ್‌ಎ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1861ರಲ್ಲಿ ಶುರುವಾದ ಬಂದೂಕಿನ ಕಂಪನಿ ಅದು, ಸೈಕಲ್ ಬಂದದ್ದು ಆಮೇಲೆ. ಅದರ ಗುರುತು ಮೂರು ಬಂದೂಕುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಚಿತ್ರ, ನಮ್ಮ ಕೋವಿಯ ಕಬ್ಬಿಣದ ಮೇಲೂ ಇದೆ. ಸೈನ್ಯದ ಪಾಯಿಂಟ್ 303 ತೋಟೆ ಜನರ ಕೈಗೆ ಹೋಗಬಾರದು ಎಂದು ಬ್ರಿಟಿಷ್ ಸರ್ಕಾರ ಆ ಬೋರನ್ನು ಸಾರ್ವಜನಿಕರಿಗೆ ನಿಷೇಧಿಸಿತ್ತು. ಅದಕ್ಕೇ ಅದೇ ಮಾದರಿಯ ಬಂದೂಕನ್ನು ಬೇರೆ ಅಳತೆಯ ತೋಟೆಗೆ ಹೊಂದಿಸಿ ಹಿಂದೂಸ್ತಾನಕ್ಕೆ ಮಾರಿದರು. ಮರ ಆಕ್ರೋಟಿನದು. ಆಕ್ರೋಟ್ ಹಗುರ, ಆದರೆ ಗುಂಡಿನ ಹೊಡೆತಕ್ಕೆ ಸುಲಭಕ್ಕೆ ಸೀಳುವುದಿಲ್ಲ, ಮಳೆಗಾಲ ಬೇಸಿಗೆ ಎಂದು ಹೆಚ್ಚು ಉಬ್ಬಿ ಕುಗ್ಗುವುದೂ ಇಲ್ಲ.

ಈಗ ನನ್ನ ಪ್ರತಾಪಕ್ಕೆ ಬರುತ್ತೇನೆ. 2010ರಲ್ಲಿ ನಮ್ಮ ಹೊಸ ಮನೆ ಆಯಿತು. ಬಾಗಿಲಿಗೆ ಹೊಡೆದ ವಾರ್ನಿಶ್ ಅರ್ಧ ಡಬ್ಬ ಉಳಿದಿತ್ತು. ನಾನು ಆಗಷ್ಟೇ ಡಿಪ್ಲೊಮಾ ಮುಗಿಸಿ ಕೆಲಸ ಇಲ್ಲದೆ ಮನೆಯಲ್ಲಿ ಕೂತವನು. ಹಬ್ಬಕ್ಕೆ ಇನ್ನು ವಾರ ಇತ್ತು. ಅಜ್ಜನ ಕಾಲದ ಹೊಗೆ ಹಿಡಿದು ಕಪ್ಪಾದ ಕೋವಿ ನೋಡಿ ಅಪ್ಪನಿಗೆ ಖುಷಿಯಾಗುವಂಥ ಕೆಲಸ ಏನಾದರೂ ಮಾಡೋಣ ಅನ್ನಿಸಿತು. ಅಪ್ಪ ಎರಡು ದಿನ ಮಡಿಕೇರಿಗೆ ಹೋಗಿದ್ದರು. ಬಾಗಿಲು ತಿಕ್ಕಿ ಉಳಿದಿದ್ದ 80 ನಂಬರಿನ ಸ್ಯಾಂಡ್‌ಪೇಪರ್ ತೆಗೆದುಕೊಂಡು ಬಿಳಿ ಮರ ಕಾಣುವವರೆಗೆ ತಿಕ್ಕಿದೆ. ಏಳು ಗೀರುಗಳೂ ಹೋದವು. ಹೋಗುವುದು ಕಾಣುತ್ತಿತ್ತು, ಆದರೂ ಕೈ ನಿಲ್ಲಿಸಲಿಲ್ಲ, ಸಮ ಮಾಡುವುದೇ ಕೆಲಸ ಅಂದುಕೊಂಡಿದ್ದೆ. ಮೇಲೆ ಮೂರು ಕೋಟ್ ವಾರ್ನಿಶ್. ಕೋವಿ ಕನ್ನಡಿಯ ಹಾಗೆ ಹೊಳೆಯಿತು.

ಅಪ್ಪ ಬಂದು ಕೋವಿ ಕೈಗೆ ತೆಗೆದುಕೊಂಡರು. ಹೆಬ್ಬೆರಳಿನಿಂದ ಎಡ ಬದಿಯ ಮರವನ್ನು ಎರಡು ಸಲ ಸವರಿದರು. "ಚೆನ್ನಾಗಿದೆ" ಅಂದರು. ಅಷ್ಟೆ. ಆ ಹೆಬ್ಬೆರಳು ನನಗೆ ಆಗ ಅರ್ಥವಾಗಲಿಲ್ಲ.

ಅಪ್ಪ 2021ರ ಮೇ ತಿಂಗಳಲ್ಲಿ ಕೊರೊನಾದಲ್ಲಿ ಹೋದರು. ಆ ದಿನಗಳು ಹೇಗಿದ್ದವು ಎಂದು ನಿಮಗೆಲ್ಲ ಗೊತ್ತು, ಬಿಡಿಸಿ ಹೇಳುವುದು ಬೇಡ. ನಮ್ಮ ಕಡೆ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಅಪ್ಪನಿಗೆ ಅದೂ ಆಗಲಿಲ್ಲ. ವರ್ಷ ಕಳೆದ ಮೇಲೆ ಕೋವಿಯ ಕಾಗದಪತ್ರ ದೊಡ್ಡಪ್ಪನ ಹೆಸರಿಗೆ ಆಯಿತು, ಕೋವಿ ಬೆಂಗಳೂರಿಗೆ ಹೋಯಿತು. ವಿನಾಯಿತಿ ಇದ್ದವರು ಕೊಡಗಿನಿಂದ ಹೊರಗೆ ಇರುವಾಗ ಒಂದು ರೈಫಲ್ ಮತ್ತು ಅದರ 100 ತೋಟೆ ಇಟ್ಟುಕೊಳ್ಳಬಹುದು ಎಂದು ಅದೇ ಹಳೆಯ ಅಧಿಸೂಚನೆಯಲ್ಲಿ ಇದೆ. ದೊಡ್ಡಪ್ಪನ ಹತ್ತಿರ ನೂರಲ್ಲ, ಒಂದು ತೋಟೆಯೂ ಇಲ್ಲ.

ದೊಡ್ಡಪ್ಪ ಬಿಇಎಲ್‌ನಲ್ಲಿ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ವಿದ್ಯಾರಣ್ಯಪುರದಲ್ಲಿ ಮನೆ. ಆ ಕಡೆ ಹೋದವರಿಗೆ ಗೊತ್ತಿರುತ್ತದೆ, ಬಿಇಎಲ್, ಎಚ್‌ಎಂಟಿ ಎಂದು ಫ್ಯಾಕ್ಟರಿ ನೌಕರರು ಸೈಟು ತೆಗೆದುಕೊಂಡು ಕಟ್ಟಿದ ಮನೆಗಳೇ ಹೆಚ್ಚು. ಯಾವ ಮನೆಯ ಗೇಟು ತಟ್ಟಿದರೂ ಒಬ್ಬ ಫಿಟ್ಟರೋ ಟರ್ನರೋ ಸಿಗುತ್ತಾರೆ, ಈಗ ವಯಸ್ಸಾಗಿ ಬೆಳಿಗ್ಗೆ ದುರ್ಗಾಪರಮೇಶ್ವರಿ ದೇವಸ್ಥಾನದ ಕಡೆ ವಾಕಿಂಗ್ ಹೋಗುವವರು. ದೊಡ್ಡಪ್ಪ ಇವತ್ತಿಗೂ ಎಚ್‌ಎಂಟಿ ವಾಚಿಗೆ ಬೆಳಿಗ್ಗೆ ಕೀ ಕೊಟ್ಟೇ ಕಾಫಿ ಕುಡಿಯುವುದು.

ಕಳೆದ ವರ್ಷ ಆಗಸ್ಟ್ ಮೊದಲ ವಾರ ಅವರು ಫೋನ್ ಮಾಡಿದರು. "ನೀನು ಹೊಡೆದ ಬಣ್ಣ ಎದ್ದು ಬರ್ತಾ ಇದೆ ಮಗಾ. ಬಂದು ತೆಗಿ. ನಾನು ತೆಗೆಯಲ್ಲ. ಕೆಡಿಸಿದವನೇ ಸರಿ ಮಾಡಬೇಕು."

ನಮ್ಮೂರ ಮಳೆ ಗೊತ್ತಲ್ಲ. ವಾರ್ನಿಶ್ ಮರದ ಮೇಲೆ ಒಂದು ಪೊರೆಯ ಹಾಗೆ ಕೂರುತ್ತದೆ, ಮರದೊಳಗೆ ಇಳಿಯುವುದಿಲ್ಲ. ಎಲ್ಲಾದರೂ ಒಂದು ಕಡೆ ಬಿರುಕು ಬಿಟ್ಟರೆ ತೇವ ಪೊರೆಯ ಕೆಳಗೆ ನುಗ್ಗುತ್ತದೆ. ಹೊರಗೆ ಬರಲು ದಾರಿ ಇಲ್ಲ. ಪೊರೆ ಬೆಳ್ಳಗಾಗುತ್ತದೆ, ಸಿಪ್ಪೆ ಏಳುತ್ತದೆ. ಹಿಂದಿನವರು ಬಂದೂಕಿನ ಮರಕ್ಕೆ ಅಗಸೆ ಎಣ್ಣೆ ಕುಡಿಸುತ್ತಿದ್ದದ್ದು ಇದೇ ಕಾರಣಕ್ಕೆ. ಎಣ್ಣೆ ಮರದೊಳಗೆ ಹೋಗಿ ಅಲ್ಲೇ ಗಟ್ಟಿಯಾಗುತ್ತದೆ. ಗೀರು ಬಿದ್ದರೆ ಮತ್ತೆ ನಾಲ್ಕು ಹನಿ ಹಚ್ಚಿದರೆ ಆಯಿತು. ಬಾಗಿಲಿಗೆ ವಾರ್ನಿಶ್ ಸರಿ. ಬೆವರುವ ಕೈ, ಮಳೆ, ಬಿಸಿಲು, ಹೊಡೆತ ಎಲ್ಲ ತಿನ್ನುವ ಕೋವಿಗೆ ಅಲ್ಲ.

ಶನಿವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಯಶವಂತಪುರ, ಬಿಇಎಲ್ ಸರ್ಕಲ್ ದಾಟಿ ಅಲ್ಲಿಗೆ ಸೇರುವಷ್ಟರಲ್ಲಿ ಹತ್ತು ಗಂಟೆ. ದೊಡ್ಡಪ್ಪ ಆಗಲೇ ಮರವನ್ನು ಕಬ್ಬಿಣದಿಂದ ಬೇರೆ ಮಾಡಿದ್ದರು. ಈ ಮಾದರಿಯ ರೈಫಲ್ಲಿನಲ್ಲಿ ಮರ ಎರಡು ತುಂಡು. ನಳಿಗೆಯ ಕೆಳಗಿನದು ಒಂದು, ಭುಜಕ್ಕೆ ಒರಗುವುದು ಇನ್ನೊಂದು. ಹಿಂದಿನ ತುಂಡನ್ನು ಉದ್ದನೆಯ ಬೋಲ್ಟ್ ಒಳಗಿನಿಂದ ಬಿಗಿದಿರುತ್ತದೆ. ಕೆಲವು ಮಾದರಿಗಳಲ್ಲಿ ಆ ಬೋಲ್ಟಿನ ಚೌಕ ತುದಿ ಮುಂದಿನ ಮರದ ಕಡೆ ಸಿಕ್ಕಿಕೊಂಡಿರುತ್ತದೆ. ಅವಸರದಲ್ಲಿ ಹಿಂದಿನದನ್ನೇ ಮೊದಲು ತಿರುಗಿಸಿದರೆ ಮುಂದಿನ ಮರ ಸೀಳುತ್ತದೆ. ಅದಕ್ಕೇ ಯಾವತ್ತೂ ಮುಂದಿನದು ಮೊದಲು ಎಂದರು. ಕಬ್ಬಿಣದ ಭಾಗವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗದಕೈ ಜೇಬಿಗೆ ಹಾಕಿಕೊಂಡಿದ್ದರು. ಕಬ್ಬಿಣಕ್ಕೆ ಏನೇ ಆಗಬೇಕಿದ್ದರೂ ಲೈಸೆನ್ಸ್ ಇರುವ ಅಂಗಡಿಗೆ, ಮನೆಯಲ್ಲಿ ಮರ ಮಾತ್ರ. ಇದು ಅವರ ಕಟ್ಟುನಿಟ್ಟು. ನೀವು ಯಾರಾದರೂ ಮನೆಯ ಹಳೆ ಕೋವಿಗೆ ಕೈ ಹಾಕುವುದಿದ್ದರೆ ಇದನ್ನೇ ಪಾಲಿಸಿ.

ದೊಡ್ಡಮ್ಮ ವಾಸನೆ ಮನೆಯೊಳಗೆ ಬೇಡ ಅಂದರು. ಟೆರೇಸಿಗೆ ಹತ್ತಿದೆವು. ನೀರಿನ ಟ್ಯಾಂಕಿನ ನೆರಳಲ್ಲಿ ಎರಡು ಸ್ಟೂಲು, ಹಳೆ ಪೇಪರು, ಬ್ರಷ್ಷು, ಡಬ್ಬಗಳು.

ಮೊದಲು ಯಾವ ವಾರ್ನಿಶ್ ಎಂದು ಪರೀಕ್ಷೆ ಮಾಡಬೇಕು ಎಂದರು. ಬಾಗಿಲಿಗೆ ಹೊಡೆದದ್ದು ಎಂದೆ. "ಹದಿನಾಲ್ಕು ವರ್ಷದ ಹಿಂದಿನ ನಿನ್ನ ನೆನಪನ್ನ ನಾನು ನಂಬಲ್ಲ" ಅಂದರು. ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಕಾಣದ ಮೂಲೆಯಲ್ಲಿ ಒತ್ತಿ ಹಿಡಿಯಬೇಕು. ಅಂಟಂಟಾದರೆ ಅದು ಅರಗಿನ ಪಾಲಿಶ್, ಬರೀ ಸ್ಪಿರಿಟ್ಟಿನಲ್ಲೇ ಬಿಡಿಸಬಹುದು. ಏನೂ ಆಗದಿದ್ದರೆ ಥಿನ್ನರ್ ಹಾಕಿ ನೋಡಬೇಕು. ನಮ್ಮದು ಎರಡಕ್ಕೂ ಜಗ್ಗಲಿಲ್ಲ. ಅಂದರೆ ಪೇಂಟ್ ರಿಮೂವರ್ ಬೇಕು. ಅದು ಕೈಗೆ ತಾಗಿದರೆ ಉರಿ, ಉಸಿರಿಗೆ ಹೋದರೆ ತಲೆ ಸುತ್ತು. ಗ್ಲೌಸ್ ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲೇ ಮಾಡಬೇಕು. ಪಕ್ಕದ ಬೀದಿಯಲ್ಲಿ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬರು ಕಾಸ್ಟಿಕ್ ಸೋಡಾ ಹಾಕಿ, ಐದೇ ನಿಮಿಷ ಎಂದರು. ದೊಡ್ಡಪ್ಪ ತಲೆ ಆಡಿಸಿಬಿಟ್ಟರು. ಸೋಡಾ ಆಕ್ರೋಟನ್ನು ಕಪ್ಪು ಮಾಡುತ್ತದೆ, ಮರದ ನಾರನ್ನೂ ತಿನ್ನುತ್ತದೆ.

ರಿಮೂವರನ್ನು ದಪ್ಪಗೆ ಹಚ್ಚಿ ಬಿಟ್ಟೆವು. ಇಪ್ಪತ್ತು ನಿಮಿಷಕ್ಕೆ ವಾರ್ನಿಶ್ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದಿತು. ಚಾಕು, ಉಕ್ಕಿನ ಪಟ್ಟಿ ಯಾವುದೂ ಬೇಡ ಎಂದು ದೊಡ್ಡಪ್ಪ ಬಿದಿರಿನ ಚಪ್ಪಟೆ ಕಡ್ಡಿ ಮಾಡಿಟ್ಟಿದ್ದರು. ಸಂದಿಗಳಿಗೆ ಹಳೆ ಟೂತ್‌ಬ್ರಷ್. ಎರಡನೇ ಸಲ, ಮೂರನೇ ಸಲ ಹಚ್ಚಿದೆವು. ಸ್ಯಾಂಡ್‌ಪೇಪರ್ ಎಲ್ಲಿ ಎಂದು ನಾನು ಹುಡುಕುತ್ತಿದ್ದರೆ ಅವರು ನಕ್ಕರು. ಅಂಗಡಿಯಿಂದ ತಂದಿದ್ದನ್ನು ಎತ್ತಿ ಒಳಗಿಟ್ಟಿದ್ದರು.

"ಕಬ್ಬಿಣ ಸೇರೋ ಜಾಗ ನೋಡು ಇಲ್ಲಿ" ಎಂದು ಬೆರಳಿಟ್ಟು ತೋರಿಸಿದರು. ಕಾರ್ಖಾನೆಯಿಂದ ಬಂದ ಕೋವಿಯಲ್ಲಿ ಮರ ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರ ಇರುತ್ತದೆ. ನಾನು ತಿಕ್ಕಿದ ಕಡೆಯಲ್ಲಿ ಮರ ತಗ್ಗಾಗಿ ಕಬ್ಬಿಣದ ಅಂಚು ಎದ್ದು ನಿಂತಿತ್ತು. ಚೂಪಾಗಿದ್ದ ಅಂಚುಗಳು ಸೋಪಿನ ಹಾಗೆ ಉರುಟಾಗಿದ್ದವು. ಹದಿನಾಲ್ಕು ವರ್ಷ ಹೊಳಪಿನ ಕೆಳಗೆ ಇದೆಲ್ಲ ಅಡಗಿತ್ತು. ಮರ ತೆಗೆದದ್ದನ್ನು ಯಾರೂ ಮತ್ತೆ ಹಾಕಲಾಗುವುದಿಲ್ಲ.

ಅಂದು ಸಂಜೆ ಹಿಂಬದಿಯ ಪಟ್ಟಿ ಬಿಚ್ಚಿದೆವು. ಭುಜಕ್ಕೆ ಒತ್ತುವ ಕಬ್ಬಿಣದ ಪಟ್ಟಿ ಅದು, ಎರಡು ಸ್ಕ್ರೂ. ಅದರ ಕೆಳಗೆ ನಾನು ಮುಟ್ಟದ ಮರ ಇತ್ತು. ಬೆಲ್ಲದ ಪಾಕದ ಬಣ್ಣ, ಸಣ್ಣ ಕೆಂಪು. ಅಜ್ಜ ಕೊಂಡ ದಿನ ಇಡೀ ಕೋವಿ ಆ ಬಣ್ಣದಲ್ಲಿ ಇದ್ದಿರಬೇಕು. ಹಳೆ ಬಂದೂಕಿನ ಬಣ್ಣ ಹೊಂದಿಸುವವರು ನೋಡಬೇಕಾದ ಜಾಗ ಇದೇ, ಪಟ್ಟಿಯ ಕೆಳಗೆ ಇಲ್ಲವೇ ನಳಿಗೆ ಕೂರುವ ಕಾಲುವೆಯ ಒಳಗೆ. ಯಾರ ಕೈಯೂ ಹೋಗದ ಕಡೆ.

ಎರಡನೇ ವಾರ ಹೋದಾಗ ಮರ ಒಣಗಿತ್ತು. ಪೂರ್ತಿ ಬೋಳು, ಬೂದಿ ಬಣ್ಣ. ಸ್ಕ್ರೂ ಸುತ್ತ ಕಪ್ಪು ಕಲೆಗಳು, ಎಡ ಬದಿಯಲ್ಲಿ ಕೆಲವು ಕಪ್ಪು ಗೆರೆಗಳು. ಬರುವಾಗಲೇ ಬಣ್ಣದ ಅಂಗಡಿಯಿಂದ ಆಕ್ಸಾಲಿಕ್ ಆಸಿಡ್ ಪೊಟ್ಟಣ ತಂದಿದ್ದೆ. ಕಬ್ಬಿಣದ ತೇವ ತಾಗಿ ಮರ ಕಪ್ಪಾದರೆ ಅದನ್ನು ತಿಳಿಮಾಡುವ ಪುಡಿ ಅದು. ಬಿಸಿನೀರಿಗೆ ಹಾಕಿ ಹಚ್ಚಿದರೆ ಕಲೆ ಹೋಗುತ್ತದೆ. ಅದೂ ವಿಷವೇ, ಅಡುಗೆ ಪಾತ್ರೆಯಲ್ಲಿ ಕಲಸಬೇಡಿ. ನಾನು ಪ್ಲಾಸ್ಟಿಕ್ ಮಗ್ಗಿನಲ್ಲಿ ಕಲಸಿ ಬ್ರಷ್ ಅದ್ದಿದೆ. ಗೆರೆಗಳ ಮೇಲೆ ಇಡಬೇಕು, ದೊಡ್ಡಪ್ಪ ಕೈ ಹಿಡಿದರು.

"ಅದು ಕೊಳೆ ಅಲ್ಲ ಕಣೋ. ಎಣಿಸು."

ಹತ್ತಿಗೆ ಸ್ಪಿರಿಟ್ ಅದ್ದಿ ಆ ಜಾಗ ಒರೆಸಿದರು. ಒದ್ದೆಯಾದ ಮರದಲ್ಲಿ ಅವು ಎದ್ದು ಬಂದವು, ಒಂದರ ಕೆಳಗೆ ಒಂದು. ಕೈಯಲ್ಲಿ ಮುಟ್ಟಿದರೆ ಏನೂ ಇಲ್ಲ, ಮರ ನುಣ್ಣಗೇ ಇದೆ. ಕಣ್ಣಿಗೆ ಮಾತ್ರ ಕಾಣುತ್ತವೆ. ಗೀರುಗಳೊಳಗೆ ವರ್ಷಗಟ್ಟಲೆ ಹೊಗೆ, ಎಣ್ಣೆ, ಬೆವರು ಇಳಿದು ಮರದ ಆಳಕ್ಕೆ ಕಪ್ಪು ಹಿಡಿದಿತ್ತು. ಮೇಲಿನ ಪದರ ನಾನು ತೆಗೆದರೂ ಕೆಳಗಿನ ಕಪ್ಪು ಹಾಗೇ ಕೂತಿತ್ತು. ಅಜ್ಜ ಕೋವಿಯನ್ನು ಒಲೆಯ ಹೊಗೆ ತಾಗುವ ಗೋಡೆಗೆ ತೂಗುಹಾಕುತ್ತಿದ್ದರಂತೆ, ಮಳೆಗಾಲಕ್ಕೆ ತುಕ್ಕು ಹಿಡಿಯದಿರಲಿ ಎಂದು.

ಎಣಿಸಿದೆ. ಆರು.

"ಏಳಿತ್ತು ದೊಡ್ಡಪ್ಪ, ನನಗೆ ಚೆನ್ನಾಗಿ ನೆನಪಿದೆ."

"ಏಳೇ ಇತ್ತು. ಕೆಳಗಿನದು ನಿನ್ನಪ್ಪಂದು. ಅದು ಹೋಯಿತು."

ಹಂದಿಗಳ ಲೆಕ್ಕ ಅಪ್ಪ ಯಾಕೆ ಹಾಕಿದರು ಎಂದು ಕೇಳಿದೆ. ಅಪ್ಪ ಕೋಳಿ ಕೊಯ್ಯುವಾಗಲೂ ಮುಖ ಆ ಕಡೆ ಮಾಡುತ್ತಿದ್ದವರು. ದೊಡ್ಡಪ್ಪ ನನ್ನ ಮುಖ ನೋಡಿದರು. ಆಮೇಲೆ ನಗಲು ಶುರುಮಾಡಿದರು, ಕೆಮ್ಮು ಬರುವವರೆಗೆ ನಕ್ಕರು. ದೊಡ್ಡಮ್ಮ ಕೆಳಗಿನಿಂದ ಏನಾಯಿತು ಎಂದು ಕೂಗಿದರು.

ಹಂದಿಯೂ ಇಲ್ಲ, ಹುಲಿಯೂ ಇಲ್ಲ. ತೆಂಗಿನಕಾಯಿ. ಕೈಲ್ ಮುಹೂರ್ತದ ಪಂದ್ಯದಲ್ಲಿ ಕಾಯಿ ಒಡೆದ ವರ್ಷ ಅಜ್ಜ ಮನೆಗೆ ಬಂದು ಪೀಚಕತ್ತಿಯ ತುದಿಯಲ್ಲಿ ಒಂದು ಗೀರು ಎಳೆಯುತ್ತಿದ್ದರಂತೆ. ಇಷ್ಟು ವರ್ಷ ಪಂದ್ಯಕ್ಕೆ ಹೋಗಿ ಆರೇ ಸಲ. ಅಜ್ಜ ಅಂಥ ಗುರಿಕಾರರೇನೂ ಆಗಿರಲಿಲ್ಲ ಎಂದೂ ಆವತ್ತೇ ತಿಳಿಯಿತು. ಅಪ್ಪನದು 1987ರದ್ದು. ದೊಡ್ಡಪ್ಪ ರಜೆ ಹಾಕಿ ಊರಿಗೆ ಬಂದಿದ್ದರು, ಅವರ ಕಣ್ಣೆದುರೇ ಆದದ್ದು. ಗದ್ದೆಯ ಆಚೆ ಬದಿ ಮರದ ಕೊಂಬೆಗೆ ಕಾಯಿ ಕಟ್ಟಿತ್ತು. ಅಪ್ಪನಿಗೆ ಕೋವಿ ಅಂದರೆ ಅಷ್ಟಕ್ಕಷ್ಟೆ, ಯಾರೋ ಒತ್ತಾಯ ಮಾಡಿ ಕೈಗೆ ಕೊಟ್ಟರು. ಒಂದೇ ಗುಂಡು, ಕಾಯಿ ಎರಡು ಹೋಳು. ಅಜ್ಜನಿಗಿಂತ ಹೆಚ್ಚು ಆಶ್ಚರ್ಯ ಅಪ್ಪನಿಗೇ ಆಯಿತಂತೆ. ಮತ್ತೆ ಯಾವತ್ತೂ ಹೊಡೆಯಲಿಲ್ಲ. ಅಜ್ಜ ಅಂದು ಪೀಚಕತ್ತಿಯನ್ನು ಅಪ್ಪನ ಕೈಗೆ ಕೊಟ್ಟು ನೀನೇ ಎಳಿ ಎಂದರಂತೆ. ಅಪ್ಪ ಮರಕ್ಕೆ ನೋವಾಗುವ ಹಾಗೆ ಮೆಲ್ಲಗೆ ಎಳೆದರು. ಅದು ಆಳಕ್ಕೆ ಹೋಗಿರಲಿಲ್ಲ. ಅಷ್ಟರಲ್ಲಿ ಕೋವಿ ಒಲೆಯ ಗೋಡೆಯಿಂದ ಬೀರುವಿಗೆ ಬಂದಿತ್ತು, ಹೊಗೆ ಹಿಡಿಯಲಿಲ್ಲ. ಹಾಗಾಗಿ ನನ್ನ 80 ನಂಬರಿನ ಕಾಗದಕ್ಕೆ ಅದೊಂದು ಪೂರ್ತಿ ಸಿಕ್ಕಿಬಿಟ್ಟಿತು.

ನಾನು ಮಗ್ಗನ್ನು ಕೆಳಗಿಟ್ಟೆ. ಟೆರೇಸಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಯಲಹಂಕದ ಕಡೆಯಿಂದ ಒಂದು ವಿಮಾನ ಬಹಳ ಕೆಳಗೆ ಹಾರಿಹೋಯಿತು. ಅಪ್ಪ ಎರಡು ಸಲ ಹೆಬ್ಬೆರಳು ಸವರಿದ್ದು ಎಡ ಬದಿಯಲ್ಲೇ, ಕೆಳಗಿನ ಭಾಗದಲ್ಲಿ. ನಾಲ್ಕು ವರ್ಷ ಬಿಟ್ಟು ನಾನು ಅದನ್ನು ಹಂದಿ ಮಾಡಿ ಪೇಪರಿನಲ್ಲಿ ಹಾಕಿದೆ. ಅದನ್ನೂ ಓದಿದರು. ಆಗಲೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ದೊಡ್ಡಪ್ಪನನ್ನು ಕೇಳಿದರೆ, "ಪೇಪರಲ್ಲಿ ಮಗನ ಹೆಸರು ಬಂದಿತ್ತಲ್ಲ" ಎಂದರು.

ಆಮೇಲೆ ಮಾಡಿದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಆಸಿಡ್ಡನ್ನು ಸ್ಕ್ರೂ ಸುತ್ತಲಿನ ಕಲೆಗೆ ಮಾತ್ರ ಹಚ್ಚಿ, ತಿಳಿನೀರಿನಲ್ಲಿ ಎರಡು ಮೂರು ಸಲ ಒರೆಸಿದೆವು. ಬಲ ಬದಿಯಲ್ಲಿ ಹೊಡೆತ ತಿಂದು ಒಳಗೆ ಹೋದ ನಾಲ್ಕೈದು ತಗ್ಗುಗಳಿದ್ದವು. ಅವಕ್ಕೆ ಒದ್ದೆ ಬಟ್ಟೆ ಇಟ್ಟು ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆಗೆ ಒಳಗಿನ ನಾರು ಉಬ್ಬಿ ಮೇಲೆ ಬರುತ್ತದೆ. ಮೊದಲ ಸಲ ನೋಡಿದವರಿಗೆ ಜಾದೂ ಅನ್ನಿಸುತ್ತದೆ. ನಾರು ಒತ್ತಿಹೋಗಿದ್ದರೆ ಮಾತ್ರ ಏಳುತ್ತದೆ, ಕತ್ತರಿಸಿ ಹೋಗಿದ್ದರೆ ಏಳುವುದಿಲ್ಲ. ಎಡ ಬದಿಯಲ್ಲೂ ಎರಡು ತಗ್ಗು ಇದ್ದವು, ಗೀರುಗಳ ಹತ್ತಿರವೇ. ಹಬೆ ತಾಗಿ ಕಪ್ಪು ಹರಡಿಬಿಟ್ಟರೆ ಎಂದು ಆ ಬದಿ ಮುಟ್ಟಲಿಲ್ಲ. ಇರಲಿ ಬಿಡಿ.

ಕಬ್ಬಿಣದ ಪಕ್ಕದಲ್ಲಿ ಹಳೆಯ ಬಂದೂಕಿನ ಎಣ್ಣೆ ಕುಡಿದು ಮರ ಮೆತ್ತಗಾಗಿತ್ತು. ಬೋರ್ಡಿನ ಮೇಲೆ ಬರೆಯುವಂಥ ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಮೆತ್ತಿ ಬಿಸಿಲಿಗಿಟ್ಟರೆ ಪುಡಿ ಎಣ್ಣೆಯನ್ನು ಹೀರಿಕೊಂಡು ಕಂದಾಗುತ್ತದೆ. ಉದುರಿಸಿ ಮತ್ತೆ ಮೆತ್ತಬೇಕು. ನಾಲ್ಕು ಸಲ ಬೇಕಾಯಿತು. ಬಿಸಿಲು ಸಿಕ್ಕಿದ್ದು ಅರ್ಧ ದಿನ.

ಕೊನೆಗೆ ಎಣ್ಣೆ. ಕಾಯಿಸಿದ ಅಗಸೆ ಎಣ್ಣೆ ಎಂದೇ ಬಣ್ಣದ ಅಂಗಡಿಯಲ್ಲಿ ಕೇಳಿ. ಹಸಿ ಎಣ್ಣೆ ಮಳೆಗಾಲದಲ್ಲಿ ವಾರಗಟ್ಟಲೆ ಒಣಗುವುದಿಲ್ಲ. ಅಂಗೈಗೆ ನಾಲ್ಕು ಹನಿ ಹಾಕಿಕೊಂಡು, ಅಂಗೈ ಬಿಸಿಯಾಗುವ ಹಾಗೆ ತಿಕ್ಕಬೇಕು. ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆಯಬೇಕು. ಒರೆಸದೆ ಬಿಟ್ಟರೆ ಅಂಟಾಗಿ ಕೂರುತ್ತದೆ. ಒಂದು ಕೋಟ್, ಎರಡು ಮೂರು ದಿನ ಒಣಗಲು ಬಿಡಿ, ಮತ್ತೆ ಒಂದು. ಅವಸರ ಮಾಡಿದವರಿಗೆ ಈ ಕೆಲಸ ಅಲ್ಲ.

ಒರೆಸಿದ ಬಟ್ಟೆಯ ವಿಷಯ ಒಂದು ಹೇಳಲೇಬೇಕು, ತುಂಬ ಜನರಿಗೆ ಗೊತ್ತಿಲ್ಲ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗದೆ ಒಳಗೇ ಏರಿ, ಕಡ್ಡಿ ಗೀರದೆಯೇ ತಾನಾಗಿ ಹೊತ್ತಿಕೊಳ್ಳುತ್ತದೆ. ಮರದ ಮಿಲ್ಲು, ಬಣ್ಣದ ಶೆಡ್ಡುಗಳಲ್ಲಿ ಇದರಿಂದ ಬೆಂಕಿ ಬೀಳುವುದುಂಟು. ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ. ದೊಡ್ಡಮ್ಮನ ಬಟ್ಟೆ ಹಗ್ಗದಲ್ಲಿ ನಮ್ಮ ಎಣ್ಣೆ ಚಿಂದಿಗಳು ಸಾಲಾಗಿ ನೇತಾಡಿದವು, ಅದಕ್ಕೂ ಬೈಸಿಕೊಂಡೆವು.

ಎಣ್ಣೆ ಬಿದ್ದ ಕೂಡಲೇ ಬೂದಿ ಬಣ್ಣ ಹೋಗಿ ಬೆಲ್ಲದ ಬಣ್ಣ ಬಂತು. ಪಟ್ಟಿಯ ಕೆಳಗಿನ ಮರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಆರು ಗೆರೆಗಳು ಇನ್ನೂ ಗಾಢವಾಗಿ ಕಂಡವು. ಆರರ ಕೆಳಗೆ ಬೆರಳಗಲ ಖಾಲಿ ಜಾಗ.

ಆ ಜಾಗ ನೋಡಿ ನೋಡಿ ನನಗೆ ಒಂದು ಯೋಚನೆ ಬಂತು, ನಿಮಗೂ ಬಂದಿರಬಹುದು. ದೊಡ್ಡಪ್ಪನ ಹತ್ತಿರ ಸಣ್ಣ ಉಳಿ ಇತ್ತು. ಒಂದು ಗೀರು, ಒಂದು ನಿಮಿಷದ ಕೆಲಸ. ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಹಾಕಿಕೊಂಡರು.

"ಅದು ಅವನು ಎಳೆದದ್ದು. ನೀನು ಎಳೆದರೆ ಅದು ನಿಂದಾಗುತ್ತೆ. ನೀನು ಯಾವ ಕಾಯಿ ಒಡೆದಿದ್ದೀಯ?"

ಉಳಿಯನ್ನು ಡಬ್ಬಕ್ಕೆ ಹಾಕಿ ಮುಚ್ಚಿದರು. ನನಗೆ ಸ್ವಲ್ಪ ಸಿಟ್ಟೇ ಬಂತು. ಬಸ್ಸಿನಲ್ಲಿ ಊರಿಗೆ ವಾಪಸ್ ಬರುವಾಗ, ರಾಮನಗರ ದಾಟಿದ ಮೇಲೆ ಇಳಿಯಿತು. ಏಳನೇ ಗೀರು ನಾನು ಎಳೆದಿದ್ದರೆ ಅದು ಇನ್ನೊಂದು ತಪ್ಪು ಸುದ್ದಿ ಆಗುತ್ತಿತ್ತು.

ಸೆಪ್ಟೆಂಬರ್ ಮೊದಲ ವಾರ, ಹಬ್ಬದ ಹಿಂದಿನ ದಿನ, ತೋಕ್ ಪೂವನ್ನು ಊಟದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಸುತ್ತಿಟ್ಟುಕೊಂಡು ಮತ್ತೆ ವಿದ್ಯಾರಣ್ಯಪುರಕ್ಕೆ ಹೋದೆ. ಅಲ್ಲಿ ಅದು ಎಲ್ಲಿ ಸಿಗಬೇಕು? ದೊಡ್ಡಪ್ಪ ಮರ, ಕಬ್ಬಿಣ ಸೇರಿಸಿ ಬಿಗಿದು ಇಟ್ಟಿದ್ದರು. ಎಡ ಬದಿ ಇನ್ನೂ ಸ್ವಲ್ಪ ಅಂಟಾಗಿತ್ತು, ಮೋಡ ಮುಸುಕಿದ ವಾರ. ದೇವರ ಕೋಣೆಯಲ್ಲಿ ಒರಗಿಸಿ ನಳಿಗೆಗೆ ಹೂ ಸಿಕ್ಕಿಸಿದರು. ದೊಡ್ಡಮ್ಮ ಕಡುಬು ಬೇಯಿಸಿದ್ದರು, ಹಂದಿ ಮಾಂಸ ಜಾಲಹಳ್ಳಿಯಿಂದ ಬಂದಿತ್ತು.

ಊಟ ಆದ ಮೇಲೆ ದೊಡ್ಡಪ್ಪ ಒಂದು ಕವರು ಮುಂದಿಟ್ಟರು. ಅವರಿಗೆ 76. ಮಗ ಹೊರದೇಶದಲ್ಲಿದ್ದಾನೆ, ಅವನಿಗೆ ಇದು ಬೇಡವಂತೆ. ಜಿಲ್ಲಾಧಿಕಾರಿ ಕಚೇರಿಗೆ ಕೊಡಬೇಕಾದ ಅರ್ಜಿ, ಜಮ್ಮಾ ಪಹಣಿಯ ಪ್ರತಿ, ಕೋವಿಯ ವಿವರ ಎಲ್ಲ ಜೋಡಿಸಿದ್ದರು. ನನ್ನ ಸಹಿ ಒಂದು ಬೇಕಿತ್ತು.

"ಕಾಯಿಗೆ ಹೊಡೆಯೋಕೆ ಬರುತ್ತಾ ನಿನಗೆ?" ಎಂದು ಪೆನ್ನು ಕೊಡುತ್ತಾ ಕೇಳಿದರು.

"ಇಲ್ಲ."

"ನಿನ್ನಪ್ಪನಿಗೂ ಬರುತ್ತಿರಲಿಲ್ಲ" ಎಂದು ಹೇಳಿ ಕೈ ತೊಳೆಯಲು ಎದ್ದು ಹೋದರು.